ಮಧ್ಯಮ ಬಡಾವಣೆಯ ಮನೆವಾರ್ತೆ

ಜೀವನವೆಚ್ಚ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ನೇರವಾಗಿ ದಿನಸಿ ಅಂಗಡಿಗೆ ಓಡುತ್ತದೆ. ತೊಗರಿಬೇಳೆ ಏನು ಬೆಲೆ, ಕೊಬ್ಬರಿ ಏನು ಬೆಲೆ, ಕಾಫಿಪುಡಿ ಮತ್ತೆ ಏರಿತಂತಲ್ಲ—ಮದುವೆಮನೆಯ ಪಂಕ್ತಿಯಲ್ಲಿ ಇಬ್ಬರು ಸಂಸಾರವಂದಿಗರು ಅಕ್ಕಪಕ್ಕ ಕುಳಿತರೆ ಮಾತು ಮೊದಲಾಗುವುದು ಹೀಗೆಯೇ. ಮೊದಲಾಗಲಿ, ಆಕ್ಷೇಪಣೆಯಿಲ್ಲ. ಆದರೆ ನಗರದ ಮಧ್ಯಮ ದರ್ಜೆಯ ಬಡಾವಣೆಯೊಂದರಲ್ಲಿ ಬಾಡಿಗೆಗೆ ಇರುವ ಸಂಸಾರದ ಖರ್ಚು ನಿಶ್ಚಯವಾಗುವುದು ದಿನಸಿ ಅಂಗಡಿಯಲ್ಲಲ್ಲ. ಮನೆಯನ್ನು ಗೊತ್ತುಮಾಡಿ ಬೀಗದ ಕೈಯನ್ನು ತೆಗೆದುಕೊಳ್ಳುವ ಆ ಒಂದು ದಿನ. ಆಮೇಲೆ ನಾವು ತೋರಿಸುವ ಮಿತವ್ಯಯವೆಲ್ಲ ಆ ದಿನ ಎಳೆದುಕೊಂಡ ಗೆರೆಯೊಳಗಿನ ಓಡಾಟ. ಈ ಮಾತನ್ನು ಕೊಂಚ ಲೆಕ್ಕದ ಸಹಾಯದಿಂದ ನಿಮ್ಮ ಮುಂದಿಡಬೇಕೆಂದು ನನ್ನ ಉದ್ದೇಶ. ಲೆಕ್ಕವೆಂದರೆ ಹೆದರಬೇಡಿ, ಕೂಡುವುದು, ಕಳೆಯುವುದು, ಒಂದೆರಡು ಕಡೆ ಗುಣಿಸುವುದು, ಅಷ್ಟೇ.

ಮಾತು ಗಾಳಿಯಲ್ಲಿ ತೇಲಬಾರದು. ಕಾಲೂರಲು ಒಂದು ನೆಲ ಬೇಕು. ಬೆಂಗಳೂರಿನ ಪಶ್ಚಿಮ ಭಾಗದ ವಿಜಯನಗರವನ್ನೇ ತೆಗೆದುಕೊಳ್ಳೋಣ. ಹೊಸಹಳ್ಳಿ, ಅತ್ತಿಗುಪ್ಪೆ, ಗೋವಿಂದರಾಜನಗರಗಳ ನಡುವಿನ ಈ ಸೀಮೆ ಸಿರಿವಂತರ ಬಡಾವಣೆಯೂ ಅಲ್ಲ, ಬಡವರ ಕೇರಿಯೂ ಅಲ್ಲ. ಗುಮಾಸ್ತೆಯರು, ಉಪಾಧ್ಯಾಯರು, ಕಾರ್ಖಾನೆಗಳಿಂದ ನಿವೃತ್ತರಾದವರು, ಅಂಗಡಿಕಾರರು, ಈಚೆಗೆ ಗಣಕಯಂತ್ರದ ಕೆಲಸದ ಹುಡುಗರು—ಎಲ್ಲರೂ ಇಲ್ಲಿದ್ದಾರೆ. ಮೂವತ್ತಡಿ ನಲವತ್ತಡಿಯ ನಿವೇಶನ. ಕೆಳಗೆ ಮನೆಯ ಯಜಮಾನರು, ಮಾಳಿಗೆಯ ಮೇಲೆ ಒಂದು ಬಾಡಿಗೆ ಸಂಸಾರ, ಅದರ ಮೇಲೆ ಇನ್ನೊಂದು, ತಾರಸಿಯ ಮೂಲೆಯ ಒಂಟಿ ಕೋಣೆಯಲ್ಲಿ ಒಬ್ಬ ಬ್ರಹ್ಮಚಾರಿ. ನಮ್ಮ ಹಿರಿಯರು ಬಾಳಿದ ವಠಾರ ಉದ್ದಕ್ಕೆ ಮಲಗಿತ್ತು. ಇದು ನೆಟ್ಟಗೆ ಎದ್ದು ನಿಂತ ವಠಾರ. ನಡುವೆ ಬಾವಿಕಟ್ಟೆಯಿಲ್ಲ, ಅಷ್ಟೇ ವ್ಯತ್ಯಾಸ. ಬಾವಿಕಟ್ಟೆಯ ಜಗಳಗಳು ಈಗ ನೀರಿನ ತೊಟ್ಟಿಯ ಸುತ್ತ ನಡೆಯುತ್ತವೆ.

ಇಲ್ಲಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಗಂಡ, ಹೆಂಡತಿ, ಒಬ್ಬ ಮಗಳು, ಗಂಡನ ತಾಯಿ. ದುಡಿಯುವವರು ಇಬ್ಬರು, ಇಬ್ಬರದೂ ಸೇರಿ ಕೈಗೆ ಬರುವುದು ತಿಂಗಳಿಗೆ 75 ಸಾವಿರ. ಎರಡು ಮಲಗುವ ಕೋಣೆಯ ಮನೆ, ಬಾಡಿಗೆ 25 ಸಾವಿರ. ಈ ಅಂಕಿಗಳು ಯಾರ ಮನೆಯ ಗುಟ್ಟೂ ಅಲ್ಲ; ಲೆಕ್ಕಕ್ಕೆಂದು ನಾನು ಇಟ್ಟುಕೊಂಡವು. ನಿಮ್ಮ ಅಂಕಿ ಬೇರೆಯಾದರೆ ಇದನ್ನು ಅಳಿಸಿ ಅದನ್ನು ಬರೆದುಕೊಳ್ಳಿ, ದಾರಿ ಒಂದೇ.

1857ರಲ್ಲಿ ಅರ್ನ್ಸ್ಟ್ ಎಂಗೆಲ್ ಎಂಬ ಜರ್ಮನ್ ಅಂಕಿಸಂಖ್ಯಾ ಶಾಸ್ತ್ರಜ್ಞ—ಮಾರ್ಕ್ಸನ ಗೆಳೆಯ ಎಂಗೆಲ್ಸ್ ಅಲ್ಲ, ಈತ ಬೇರೆ—ಬಡವರ ಮತ್ತು ಉಳ್ಳವರ ಮನೆಗಳ ಖರ್ಚನ್ನು ತಾಳೆನೋಡಿ ಒಂದು ಸಂಗತಿಯನ್ನು ಹೇಳಿದ: ಸಂಸಾರದ ಆದಾಯ ಹೆಚ್ಚಿದಂತೆಲ್ಲ ಊಟಕ್ಕೆ ಹೋಗುವ ಪಾಲು ಇಳಿಯುತ್ತದೆ. ನಮ್ಮ ದೇಶದ ಸೂಚ್ಯಂಕಗಳಲ್ಲೂ ಇದನ್ನು ಕಾಣಬಹುದು. ಸರ್ಕಾರಿ ನೌಕರರ ತುಟ್ಟಿಭತ್ಯವನ್ನು ಕಟ್ಟುವುದಕ್ಕೆ ಆಧಾರವಾದ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದಲ್ಲಿ, 2001ನ್ನು ಮೂಲ ವರ್ಷವಾಗಿಟ್ಟಾಗ ಆಹಾರದ ತೂಕ ನೂರಕ್ಕೆ 46 ಇತ್ತು; 2016ನ್ನು ಮೂಲ ವರ್ಷ ಮಾಡಿದಾಗ ಅದು 39ಕ್ಕೆ ಇಳಿಯಿತು. ಇದೇ ಪಟ್ಟಿಯಲ್ಲಿ ಮನೆಯ ಪಾಲು ಎಷ್ಟು? ನೂರಕ್ಕೆ ಸುಮಾರು 17. ನಮ್ಮ ಕಲ್ಪನೆಯ ಸಂಸಾರದಲ್ಲಾದರೋ ಬಾಡಿಗೆಯೊಂದೇ ಸಂಬಳದ ಮೂರರಲ್ಲೊಂದು ಪಾಲನ್ನು ನುಂಗುತ್ತದೆ. ಸೂಚ್ಯಂಕ ಸುಳ್ಳು ಹೇಳುತ್ತಿಲ್ಲ. ಅದು 88 ಕೇಂದ್ರಗಳ ಕಾರ್ಮಿಕ ಕುಟುಂಬಗಳ ಸರಾಸರಿ. ದೊಡ್ಡ ನಗರದ ಬಾಡಿಗೆದಾರರೂ ಸಣ್ಣ ಊರಿನವರೂ ಅದರಲ್ಲಿ ಸೇರಿದ್ದಾರೆ. ಸರಾಸರಿ ಎಂಬುದು ಯಾರ ಮನೆಯಲ್ಲೂ ವಾಸ ಮಾಡುವುದಿಲ್ಲ. ಬೆಲೆಯೇರಿಕೆ ಇಷ್ಟೇ ಎಂದು ಪತ್ರಿಕೆ ಬರೆದ ದಿನ 'ನಮ್ಮ ಮನೆಯಲ್ಲಿ ಹಾಗಿಲ್ಲವಲ್ಲ' ಎಂದು ನಿಮಗೆ ಅನ್ನಿಸಿದರೆ, ನಿಮ್ಮ ಅನುಭವಕ್ಕೂ ಕಾರಣವಿದೆ ಎಂದಾಯಿತು.

ನಮ್ಮ ಸಿಟ್ಟು ಎಲ್ಲಿ ಹೋಗಿ ತಗಲುತ್ತದೆ ನೋಡಿ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ಬೀದಿಬೀದಿಯಲ್ಲಿ ಚರ್ಚೆಯಾಯಿತು. ದಿನಕ್ಕೆ ಎರಡು ಲೀಟರು ಕೊಳ್ಳುವ ಮನೆಗೆ ಅದರಿಂದ ಬಂದ ಹೊರೆ ತಿಂಗಳಿಗೆ 240 ರೂಪಾಯಿ. ಅದೇ ಮನೆಯ ಬಾಡಿಗೆ ಕರಾರಿನ ಪ್ರಕಾರ ನೂರಕ್ಕೆ 5ರಂತೆ ಏರಿದರೆ ತಿಂಗಳಿಗೆ 1,250 ರೂಪಾಯಿ. ಹಾಲಿನ ಏರಿಕೆಯ ಐದು ಪಟ್ಟು. ಇದನ್ನು ಯಾರೂ ಚರ್ಚಿಸುವುದಿಲ್ಲ. ಯಜಮಾನರು ಮೆಟ್ಟಿಲ ಬಳಿ ಸಿಕ್ಕಾಗ ಮೆಲ್ಲಗೆ ಒಂದು ಮಾತು ಹೇಳುತ್ತಾರೆ, ನಾವು ತಲೆಯಾಡಿಸುತ್ತೇವೆ. ಮೂರು ವರ್ಷ ಹೀಗೆ ತಲೆಯಾಡಿಸಿದರೆ ನಾಲ್ಕನೆಯ ವರ್ಷದ ಬಾಡಿಗೆ 29 ಸಾವಿರದ ಹತ್ತಿರ ಬಂದು ನಿಲ್ಲುತ್ತದೆ.

ಬಾಡಿಗೆ 25 ಸಾವಿರ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಬೆಂಗಳೂರಿನ ರೂಢಿಯಂತೆ ಮನೆಗೆ ಅಡ್ವಾನ್ಸು ಕೊಡಬೇಕು. ಬಹುಕಾಲದ ವಾಡಿಕೆ ಹತ್ತು ತಿಂಗಳ ಬಾಡಿಗೆ. ಈಚೆಗೆ ಐದಾರು ತಿಂಗಳಿಗೆ ಒಪ್ಪುವ ಯಜಮಾನರೂ ಇದ್ದಾರೆ. ಹತ್ತೆಂದೇ ಹಿಡಿದರೆ ಎರಡೂವರೆ ಲಕ್ಷ. ಈ ಹಣ ನಿಮ್ಮದೇ, ಆದರೆ ಬಡ್ಡಿ ತರುವುದಿಲ್ಲ. ಬ್ಯಾಂಕಿನಲ್ಲಿದ್ದಿದ್ದರೆ ನೂರಕ್ಕೆ 7ರಂತೆ ವರ್ಷಕ್ಕೆ 17,500, ತಿಂಗಳಿಗೆ ಸುಮಾರು 1,450 ತರುತ್ತಿತ್ತು. ಮನೆ ತೋರಿಸಿದ ದಳ್ಳಾಳಿಗೆ ಒಂದು ತಿಂಗಳ ಬಾಡಿಗೆ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಇನ್ನೊಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುವುದು ವಾಡಿಕೆ; ಗೋಡೆಗೆ ಸುಣ್ಣ ಬಿದ್ದಿತೋ ಇಲ್ಲವೋ ನೀವು ನೋಡಲು ಬರುವುದಿಲ್ಲ. ಮೂರು ವರ್ಷ ಇದ್ದಿರಿ ಎನ್ನೋಣ. ಈ ಎರಡು ತಿಂಗಳ ಬಾಡಿಗೆಯನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 1,400ರ ಸಮೀಪ. ಎಲ್ಲ ಸೇರಿ ನಿಮ್ಮ ಮನೆಯ ನಿಜವಾದ ಬೆಲೆ ತಿಂಗಳಿಗೆ ಸುಮಾರು 27,850. ಮೂರು ವರ್ಷದ ಬದಲು ಹನ್ನೊಂದೇ ತಿಂಗಳಿಗೆ ಎದ್ದು ಹೋಗಬೇಕಾಗಿ ಬಂದರೆ ದಳ್ಳಾಳಿಯ ಮತ್ತು ಸುಣ್ಣಬಣ್ಣದ ಬಾಬ್ತೇ ತಿಂಗಳಿಗೆ 4,500 ದಾಟುತ್ತದೆ. ಇಂಥ ಬಡಾವಣೆಯಲ್ಲಿ ಮನೆ ಬದಲಿಸುವಷ್ಟು ದುಬಾರಿಯಾದ ಚಟ ಇನ್ನೊಂದಿಲ್ಲ.

ಹನ್ನೊಂದು ತಿಂಗಳು ಎಂಬ ಈ ಲೆಕ್ಕ ಎಲ್ಲಿಂದ ಬಂತೆಂದು ನೀವು ಕೇಳಬಹುದು. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷಕ್ಕೆ ಮೇಲ್ಪಟ್ಟ ಗುತ್ತಿಗೆಯ ಪತ್ರವನ್ನು ನೋಂದಾಯಿಸಬೇಕು. ಆ ಖರ್ಚು, ಆ ತೊಡಕು ಯಾರಿಗೂ ಬೇಡ, ಆದ್ದರಿಂದ ಹನ್ನೊಂದು. ಬಾಡಿಗೆ ನಿಯಂತ್ರಣದ ಕಾನೂನು ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳುವವರಿಗೆ ಒಂದು ಮಾತು. 1999ರ ಕರ್ನಾಟಕ ಬಾಡಿಗೆ ಕಾಯಿದೆ ಹುಟ್ಟುವಾಗಲೇ, ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ವಾಸದ ಮನೆಗಳನ್ನು ತನ್ನ ಹೊರಗಿಟ್ಟಿತು. ಮಧ್ಯಮ ಬಡಾವಣೆಯ ಮನೆಗಳೆಲ್ಲ ಆ ಗೆರೆಯನ್ನು ಎಂದೋ ದಾಟಿವೆ. ಅಡ್ವಾನ್ಸಿಗೆ ಎರಡು ತಿಂಗಳ ಮಿತಿಯನ್ನು ಹಾಕಿದ ಮಾದರಿ ಕಾಯಿದೆಯೊಂದನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿತು, ನಿಜ. ಆದರೆ ಮಾದರಿ ಎಂದರೆ ಮಾದರಿ, ರಾಜ್ಯಗಳು ತಮ್ಮ ಶಾಸನವಾಗಿ ಮಾಡಿಕೊಂಡಲ್ಲದೆ ಅದಕ್ಕೆ ಬಲವಿಲ್ಲ. ಹೀಗಾಗಿ ನಿಮ್ಮ ರಕ್ಷಣೆಯೆಲ್ಲ ನೀವು ರುಜು ಹಾಕುವ ಆ ಛಾಪಾ ಕಾಗದದಲ್ಲಿದೆ. ಅದನ್ನು ಓದದೆ ರುಜು ಹಾಕುವವರು, ಬದನೆಕಾಯಿಯನ್ನು ಮಾತ್ರ ತಿರುಗಿಸಿ ಮರುಗಿಸಿ ನೋಡಿ ಕೊಳ್ಳುತ್ತಾರೆ!

ಭೋಗ್ಯದ ವಿಚಾರವನ್ನು ಇಲ್ಲಿ ಬಿಡುವಂತಿಲ್ಲ. ತಿಂಗಳ ಬಾಡಿಗೆಯೇ ಬೇಡ, ಹತ್ತು ಲಕ್ಷ ಒಟ್ಟಿಗೆ ಕೊಡಿ, ಮೂರು ವರ್ಷ ಇರಿ, ಹೋಗುವಾಗ ಹತ್ತು ಲಕ್ಷವನ್ನೂ ಎಣಿಸಿಕೊಂಡು ಹೋಗಿ—ಇದು ಭೋಗ್ಯ. ಹತ್ತು ಲಕ್ಷಕ್ಕೆ ನೂರಕ್ಕೆ 7ರ ಬಡ್ಡಿ ತಿಂಗಳಿಗೆ 5,800 ಚಿಲ್ಲರೆ. ಅಂಥದೇ ಮನೆಗೆ ಬಾಡಿಗೆ ಅದರ ಎರಡರಷ್ಟೋ ಮೂರರಷ್ಟೋ ಇರುತ್ತದೆ. ಹಾಗಾದರೆ ಈ ಲಾಭ ಎಲ್ಲಿಂದ ಬಂತು? ಬಿಟ್ಟಿ ಬರಲಿಲ್ಲ. ನಿಮ್ಮ ಹತ್ತು ಲಕ್ಷ ಹಿಂದಿರುಗಿ ಬರುವುದೋ ಇಲ್ಲವೋ ಎಂಬ ಸಂಶಯದ ಬೆಲೆ ಅದು. ಹಣದ ಅಡಚಣೆಯಲ್ಲಿರುವವರೇ ಹೆಚ್ಚಾಗಿ ಭೋಗ್ಯಕ್ಕೆ ಕೊಡುತ್ತಾರೆ. ಮನೆ ಅದಾಗಲೇ ಬ್ಯಾಂಕಿಗೆ ಅಡವಾಗಿದ್ದು, ಕಂತು ನಿಂತು, 2002ರ ಶಾಸನದ ಬಲದಿಂದ ಬ್ಯಾಂಕಿನವರು ಬಂದು ಬೀಗ ಹಾಕಿದ ಪ್ರಸಂಗಗಳುಂಟು. ಮೊದಲ ಹಕ್ಕು ಬ್ಯಾಂಕಿನದು. ಬೀದಿಗೆ ಬಂದ ಸಂಸಾರ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಆದ್ದರಿಂದ ಭೋಗ್ಯಕ್ಕೆ ಹೋಗುವವರು ಮೊದಲು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸಿ ನೋಡಬೇಕು, ಕರಾರನ್ನು ನೋಂದಾಯಿಸಬೇಕು, ಯಜಮಾನರ ಬ್ಯಾಂಕ್ ಖಾತೆಗೇ ಹಣ ಕಟ್ಟಬೇಕು. ಮಗಳ ಮದುವೆಗೆಂದೋ ಸ್ವಂತ ನಿವೇಶನಕ್ಕೆಂದೋ ಕೂಡಿಟ್ಟ ಗಂಟು ಹೋಗುವುದು ಹೆಚ್ಚಾಗಿ ಈ ಬಾಗಿಲಿನಿಂದಲೇ.

ಇನ್ನು ನೀರು. ಬೆಂಗಳೂರಿಗೆ ನದಿಯಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದ ಕೆರೆ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಊರಿನ ಬಾಯಾರಿಕೆಯನ್ನು ನೀಗಿದವು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬಂತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಮೆಟ್ಟಿಲು ಮೆಟ್ಟಿಲಾಗಿ ಯಂತ್ರಗಳಿಂದ ಮೇಲೆತ್ತಿಸಿಕೊಂಡು ಬರುವ ಈ ನೀರು ನಮ್ಮ ನಲ್ಲಿಯಲ್ಲಿ ಅಗ್ಗವಾಗಿ ಬೀಳುತ್ತದೆ. 2014ರಿಂದ ಮುಟ್ಟದಿದ್ದ ದರವನ್ನು 2025ರ ಏಪ್ರಿಲಿನಲ್ಲಿ ಏರಿಸಿದ ಮೇಲೆ ಕೂಡ ಮನೆಬಳಕೆಯ ಮೊದಲ ಮಟ್ಟದಲ್ಲಿ ಸಾವಿರ ಲೀಟರಿಗೆ ಹತ್ತು ರೂಪಾಯಿ ಆಗಲಿಲ್ಲ.

ನಲ್ಲಿ ಒಣಗಿದ ಮನೆಯ ಕಥೆ ಬೇರೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನವರು ಬಾಯಿಗೆ ಬಂದ ಬೆಲೆ ಕೇಳತೊಡಗಿದಾಗ ಜಿಲ್ಲಾಡಳಿತ ದರ ಕಟ್ಟಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ. ಅಂದರೆ ಸಾವಿರ ಲೀಟರಿಗೆ ನೂರು. ಅದೂ ಕಟ್ಟಿದ ದರ. ತಲೆಗೆ ದಿನಕ್ಕೆ 135 ಲೀಟರು ಎಂಬುದು ನಗರಗಳಿಗೆ ಯೋಜನೆ ಹಾಕುವವರ ಅಳತೆ. ನಾಲ್ವರ ಸಂಸಾರಕ್ಕೆ ತಿಂಗಳಿಗೆ 16 ಸಾವಿರ ಲೀಟರು. ಟ್ಯಾಂಕರಿನಲ್ಲಿ ಅದಕ್ಕೆ 1,600 ರೂಪಾಯಿ. ಕುಡಿಯಲು ಬೇರೆ ಕ್ಯಾನು. ನಲ್ಲಿಯಿರುವವನಿಗಿಂತ ನಲ್ಲಿಯಿಲ್ಲದವನು ನೀರಿಗೆ ಹೆಚ್ಚು ತೆರುವುದು ಈ ಊರಿನ ವಿಚಿತ್ರ ನ್ಯಾಯ. ವಿಜಯನಗರದಂಥ ಹಳೆಯ ಬಡಾವಣೆಯ ಬಾಡಿಗೆಯಲ್ಲಿ ಕಾವೇರಿಯ ಬೆಲೆಯೂ ಅಡಗಿರುತ್ತದೆ. ಹಾಗೆಂದು ಯಾವ ಕರಾರಿನಲ್ಲೂ ಬರೆದಿರುವುದಿಲ್ಲ.

ನೀರಿನೊಡನೆ ದಾರಿಯನ್ನೂ ಸೇರಿಸಿಕೊಂಡು ಒಂದು ಪ್ರಶ್ನೆಯನ್ನು ಬಿಡಿಸೋಣ. ಮಾಗಡಿ ರಸ್ತೆಯಲ್ಲೇ ಇನ್ನೂ ಹತ್ತು ಕಿಲೋಮೀಟರು ಮುಂದೆ ಹೋದರೆ ಇಂಥದೇ ಮನೆ, ಇನ್ನೂ ಹೊಸದು, 18 ಸಾವಿರಕ್ಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. ತಿಂಗಳಿಗೆ 7 ಸಾವಿರ ಉಳಿತಾಯ! ಅಡ್ವಾನ್ಸಿನಲ್ಲಿಯೂ 70 ಸಾವಿರ ಕಡಿಮೆ, ಅದರ ಬಡ್ಡಿ ತಿಂಗಳಿಗೆ 400. ಒಟ್ಟು 7,400. ಬಾಯಲ್ಲಿ ನೀರೂರುತ್ತದೆ. ಆದರೆ ನಲ್ಲಿಯಲ್ಲಿ ನೀರಿಲ್ಲ. ಟ್ಯಾಂಕರಿಗೆ 1,600 ಕಳೆಯಿರಿ. ಗಂಡ ಸ್ಕೂಟರಿನಲ್ಲಿ ದಿನಕ್ಕೆ 20 ಕಿಲೋಮೀಟರು ಹೆಚ್ಚು ಓಡಬೇಕು. ತಿಂಗಳಲ್ಲಿ 25 ದಿನಕ್ಕೆ 500 ಕಿಲೋಮೀಟರು, ಲೀಟರಿಗೆ 40ರಂತೆ ಹನ್ನೆರಡೂವರೆ ಲೀಟರು, ಪೆಟ್ರೋಲನ್ನು ನೂರು ರೂಪಾಯಿ ಎಂದೇ ಹಿಡಿದರೂ 1,250. ಹೆಂಡತಿಗೆ 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣ ಉಳಿದಿತ್ತು. ಈಗ ಬಸ್ಸು ನಿಲ್ಲುವಲ್ಲಿಂದ ಮನೆಗೆ ಆಟೋ, ತಿಂಗಳಿಗೆ 1,200. ನಡೆದುಹೋಗುತ್ತಿದ್ದ ಮಗಳಿಗೆ ಶಾಲೆಯ ವ್ಯಾನು 2,000. ಕೂಡಿದರೆ 6,050. ಉಳಿದದ್ದು 1,350 ರೂಪಾಯಿ.

ಅದಾದರೂ ಉಳಿಯಿತಲ್ಲ ಎನ್ನುವಿರಾ? ಗಂಡನಿಗೆ ದಿನಕ್ಕೆ ಒಂದು ಗಂಟೆ, ಹೆಂಡತಿಗೆ ಒಂದು ಗಂಟೆ ರಸ್ತೆಯಲ್ಲಿ ಹೆಚ್ಚಾಗಿ ಹೋಯಿತು. ತಿಂಗಳಿಗೆ 50 ಗಂಟೆ. ಭಾಗಿಸಿದರೆ ಗಂಟೆಗೆ 27 ರೂಪಾಯಿ. ಇಬ್ಬರು ಓದಿದವರು ತಮ್ಮ ಸಂಜೆಯನ್ನು ಗಂಟೆಗೆ 27 ರೂಪಾಯಿಗೆ ಮಾರಿದಂತಾಯಿತು. ಮಗಳ ಪಾಠ ನೋಡುವ ಹೊತ್ತು ಅದು, ಅತ್ತೆಯ ಔಷಧಿ ತರುವ ಹೊತ್ತು ಅದು. ದೂರದ ಮನೆ ಎಲ್ಲರಿಗೂ ನಷ್ಟವೆಂದು ನಾನು ಹೇಳುತ್ತಿಲ್ಲ. ಕೆಲಸವೇ ಆ ಕಡೆಗಿದ್ದರೆ, ನಿವೃತ್ತರಾಗಿದ್ದರೆ, ಅಲ್ಲಿ ಒಳ್ಳೆಯ ನೀರಿದ್ದರೆ ಅದೇ ಲಾಭ. ಬಾಡಿಗೆಯ ಅಂಕಿಯೊಂದನ್ನೇ ನೋಡಿ ಸಾಮಾನು ಕಟ್ಟಬೇಡಿ, ಅಷ್ಟೇ.

ಮೆಟ್ರೊ ರೈಲಿನ ಮಾತನ್ನೂ ಹೇಳಿಬಿಡುತ್ತೇನೆ. ವಿಜಯನಗರಕ್ಕೆ ಅದು ಬಂದದ್ದು 2015ರ ನವೆಂಬರಿನಲ್ಲಿ. 2023ರ ಅಕ್ಟೋಬರಿನ ಹೊತ್ತಿಗೆ ಅದೇ ದಾರಿಯಲ್ಲಿ ವೈಟ್‌ಫೀಲ್ಡಿನವರೆಗೆ ಕುಳಿತು ಹೋಗುವುದು ಸಾಧ್ಯವಾಯಿತು. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಗಂಡಸರ ಬಸ್ ಟಿಕೆಟ್ಟೂ ಆ ಜನವರಿಯಲ್ಲೇ ನೂರಕ್ಕೆ 15ರಷ್ಟು ಏರಿತ್ತು. ರೈಲು ಬಂದರೆ ಪ್ರಯಾಣ ಸುಲಭ, ಬಾಡಿಗೆ ಕಠಿಣ. ನಿಲ್ದಾಣಕ್ಕೆ ಐದು ನಿಮಿಷದ ನಡಿಗೆ ಎಂದು ದಳ್ಳಾಳಿ ಹೇಳುವ ಮಾತಿಗೂ ಒಂದು ಬೆಲೆಯಿದೆ. ನಿಮ್ಮ ಕೆಲಸ ಆ ರೈಲಿನ ದಾರಿಯಲ್ಲಿಲ್ಲದಿದ್ದರೆ ಅದನ್ನು ನೀವೇಕೆ ತೆರಬೇಕು? ಎಂಟು ನಿಮಿಷ ಒಳಗೆ ನಡೆಯಿರಿ.

ಮನೆ ಸಿಗುವುದೂ ಎಲ್ಲರಿಗೂ ಒಂದೇ ಸಮನಾಗಿಲ್ಲ. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಫಲಕವನ್ನು ನೀವು ಕಂಡಿರಬಹುದು. ಫಲಕವಿಲ್ಲದ ಕಡೆ ಹೆಸರು ಕೇಳಿದ ಮೇಲೆ 'ಮನೆ ಆಗಲೇ ಹೋಯಿತು' ಎಂಬ ಉತ್ತರವನ್ನು ಪಡೆದವರೂ ನಿಮ್ಮಲ್ಲಿರಬಹುದು. ಹತ್ತು ಬಾಗಿಲು ಮುಚ್ಚಿದವನು ಹನ್ನೊಂದನೆಯ ಬಾಗಿಲಲ್ಲಿ ಹೇಳಿದಷ್ಟು ಕೊಟ್ಟು ಒಳಗೆ ಹೋಗುತ್ತಾನೆ. ಆ ಹೆಚ್ಚಿನ ಸಾವಿರ ಎರಡು ಸಾವಿರವೂ ಬಾಡಿಗೆಯೆಂದೇ ಬರೆಯಲ್ಪಡುತ್ತದೆ. ಇದು ಜೀವನವೆಚ್ಚದ ಯಾವ ಪಟ್ಟಿಗೂ ಸೇರದ ಖರ್ಚು. ನನ್ನ ಮಟ್ಟಿಗೆ ಹೇಳುವುದಾದರೆ, ನಾಚಿಕೆಗೇಡಿನ ಖರ್ಚು.

ಕೊನೆಗೆ ಉಳಿದದ್ದು, ಬಡಾವಣೆಯನ್ನು ಅಗ್ಗವಾಗಿ ಇಟ್ಟಿರುವವರ ಮಾತು. ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿ, ಮೂಲೆಯಲ್ಲಿ ಮೊಳದ ಲೆಕ್ಕದಲ್ಲಿ ಹೂ ಅಳೆಯುವಾಕೆ, ಬೆಳಿಗ್ಗೆ ಸೊಪ್ಪು ಕೂಗಿಕೊಂಡು ಬರುವ ತಳ್ಳುಗಾಡಿ, ಐದಾರು ಮನೆಗಳ ಪಾತ್ರೆ ನೆಲ ನೋಡಿಕೊಳ್ಳುವ ಕೆಲಸದವಳು. ಇಬ್ಬರೂ ದುಡಿಯುವ ಮನೆ ನಡೆಯುವುದು ಇವರಿಂದ. ಇವರ ಕೈಗೆ ಬರುವುದು ಕಡಿಮೆಯಾದ್ದರಿಂದಲೇ ನಮ್ಮ ಖರ್ಚು ಅಷ್ಟಕ್ಕೆ ನಿಂತಿದೆ. ಇವರಲ್ಲಿ ಬಹುಮಂದಿಗೆ ನಮ್ಮ ಬೀದಿಯಲ್ಲಿ ಬಾಡಿಗೆ ಕೊಟ್ಟು ಇರುವ ಶಕ್ತಿಯಿಲ್ಲ. ದೂರದಿಂದ ಬರುತ್ತಾರೆ, ಅಲ್ಲಿ ಅವರಿಗೂ ಬಾಡಿಗೆ ಏರುತ್ತದೆ. ಯಜಮಾನರು ನಿಮ್ಮ ಬಾಡಿಗೆಯನ್ನು ನೂರಕ್ಕೆ 5 ಏರಿಸಿದ ತಿಂಗಳು, ಮನೆಗೆಲಸದವಳ 2,500ಕ್ಕೂ ನೂರಕ್ಕೆ 5 ಸೇರಿಸಿ ಕೊಟ್ಟಿರಾ? 125 ರೂಪಾಯಿ ಅದು. ಎಷ್ಟೋ ಮನೆಗಳಲ್ಲಿ ಮಿತವ್ಯಯವು ಮೊದಲು ನೆನಪಿಗೆ ಬರುವುದು ಆ 125 ರೂಪಾಯಿಯ ಮುಂದೆಯೇ.

ಶಾಲೆಯ ಶುಲ್ಕ, ಆಸ್ಪತ್ರೆ, ಊರಿನ ಹಬ್ಬಗಳು, ಇವೆಲ್ಲ ಬೇರೆ ಬೇರೆ ಭಾಷಣಗಳಿಗೇ ಆಗುವಷ್ಟು ದೊಡ್ಡ ವಿಷಯಗಳು, ಇಂದು ಮುಟ್ಟುವುದಿಲ್ಲ. ಸದ್ಯಕ್ಕೆ ಮನೆ ಹುಡುಕುತ್ತಿರುವವರಿಗೆ ಒಂದೆರಡು ಸೂಚನೆ ಕೊಟ್ಟು ಮುಗಿಸುತ್ತೇನೆ. ಮನೆ ನೋಡಲು ಭಾನುವಾರ ಮಧ್ಯಾಹ್ನ ಹೋಗಬೇಡಿ. ಕೆಲಸದ ದಿನ ಬೆಳಿಗ್ಗೆ, ನೀವು ಕಚೇರಿಗೆ ಹೊರಡುವ ಹೊತ್ತಿಗೆ ಹೋಗಿ, ಅಲ್ಲಿಂದಲೇ ಕಚೇರಿಗೆ ಹೋಗಿ ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿಕೊಳ್ಳಿ. ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಅಡ್ವಾನ್ಸನ್ನು ಮನೆ ಬಿಟ್ಟ ಎಷ್ಟು ದಿನದೊಳಗೆ ಕೊಡುತ್ತಾರೆ, ಈ ಮೂರನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ಸಾಧ್ಯವಾದರೆ ಏಪ್ರಿಲ್ ತಿಂಗಳಲ್ಲಿ ಮನೆ ನೋಡಿ. ಅಡಿಗೆಮನೆಯ ನಲ್ಲಿಯನ್ನು ತಿರುಗಿಸಿ. ಬರುವುದು ಕಾವೇರಿಯೋ, ಕೊಳವೆಬಾವಿಯೋ, ಟ್ಯಾಂಕರೋ, ವಾರಕ್ಕೆ ಎಷ್ಟು ದಿನ ಎಂದು ಕೇಳಿ. ಯಜಮಾನರನ್ನಲ್ಲ, ಮೇಲಿನ ಮನೆಯ ಬಾಡಿಗೆಯವರನ್ನು.